ನಾಳೆ ವಿಭೂತಿ ಬುಧವಾರ

ಹಬ್ಬಗಳಲ್ಲಿ ಎರಡು ಬಗೆಯುಂಟು. ವ್ರತ ಮುಗಿದ ಮೇಲೆ ಬರುವುದು ಒಂದು. ವ್ರತ ಹಿಡಿಯುವ ಮುನ್ನವೇ ಓಡಿಬರುವುದು ಇನ್ನೊಂದು. ಮೊದಲನೆಯದು ಸಂಭಾವಿತ, ಎರಡನೆಯದು ತುಂಟ. ನನಗೇಕೋ ಈ ತುಂಟನ ಮೇಲೆಯೇ ಒಲವು ಹೆಚ್ಚು. ಯೂರೋಪಿನ ಕಾರ್ನಿವಲ್ ಈ ಎರಡನೆಯ ಜಾತಿಗೆ ಸೇರಿದ್ದು.

ಅದು ಬೆಳೆದದ್ದು ಬೀದಿಯಲ್ಲಾದರೂ ಹುಟ್ಟಿದ್ದು ಅಡಿಗೆಯ ಮನೆಯಲ್ಲಿ. ಈಸ್ಟರಿಗೆ ಮುನ್ನ, ಭಾನುವಾರಗಳನ್ನು ಬಿಟ್ಟು 40 ದಿನ, ಕ್ರೈಸ್ತರಿಗೆ ತಪಸ್ಸು ಕಾಲ. ವಿಭೂತಿ ಬುಧವಾರ ಅದರ ಮೊದಲ ದಿನ. ಮಧ್ಯಯುಗದಲ್ಲಿ ಆಗ ಮಾಂಸ ನಿಷಿದ್ಧ. ಹಲವೆಡೆ ಮೊಟ್ಟೆ ಬೆಣ್ಣೆಗಳೂ ನಿಷಿದ್ಧ. ಉಗ್ರಾಣದಲ್ಲಿ ಉಳಿದುದನ್ನು ಕೆಡಿಸುವುದಕ್ಕಿಂತ ತಿಂದು ಮುಗಿಸುವುದು ಮೇಲಲ್ಲವೇ? ಫ್ರೆಂಚರು ಹಿಂದಿನ ದಿನವನ್ನು 'ಕೊಬ್ಬಿನ ಮಂಗಳವಾರ'ವೆಂದೇ ಕರೆಯುತ್ತಾರೆ. ಕಾರ್ನಿವಲ್ ಎಂಬ ಹೆಸರೂ ಮಾಂಸವನ್ನು ತೆಗೆದಿಡುವುದೆಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದಿತೆಂದು ಬಹುಮಂದಿ ಪಂಡಿತರ ಮತ. ಯಜಮಾನನೂ ಗುಲಾಮನೂ ಸಮನಾಗಿ ನಲಿಯುತ್ತಿದ್ದ ಪ್ರಾಚೀನ ರೋಮಿನ ಸ್ಯಾಟರ್ನೇಲಿಯ ಉತ್ಸವವೇ ಇದರ ಮೂಲವೆನ್ನುವವರೂ ಉಂಟು. ಆದರೆ ಹೋಲಿಕೆಯಿದ್ದ ಮಾತ್ರಕ್ಕೆ ನೆಂಟಸ್ತಿಕೆ ಸಿದ್ಧವಾಗದು.

ಬ್ರೂಗೆಲ್ ಎಂಬ ಚಿತ್ರಕಾರ 1559ರಲ್ಲಿ ಬರೆದ ಚಿತ್ರವೊಂದು ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ. ಪೀಪಾಯಿಯ ಮೇಲೆ ಕುಳಿತ ಕಾರ್ನಿವಲ್ ಎಂಬ ಬೊಜ್ಜಿನವನ ಆಯುಧ, ಮಾಂಸ ಚುಚ್ಚಿದ ಕಬ್ಬಿಣದ ಸಲಾಕಿ. ಎದುರಿಗೆ ಬಡಕಲು ಉಪವಾಸ. ಅದರ ಕೈಯ ಹಲಗೆಯ ಮೇಲೆ ಎರಡೇ ಎರಡು ಮೀನು. ಈ ಚಿತ್ರದ ಪ್ರತಿಯನ್ನು ನೋಡಿದಾಗಲೆಲ್ಲ, ಇವರು ಶತ್ರುಗಳಲ್ಲ, ಬೇರೆಯಾಗಿ ಬಾಳಲಾರದ ದಾಯಾದಿಗಳು ಎಂದೇ ನನಗೆ ತೋರುತ್ತದೆ.

ವೆನಿಸ್ ನಗರದ ಸೆನೆಟ್ ಸಭೆ ತಪಸ್ಸು ಕಾಲದ ಹಿಂದಿನ ದಿನವನ್ನು 1296ರಲ್ಲಿಯೇ ಸಾರ್ವಜನಿಕ ಹಬ್ಬವೆಂದು ಸಾರಿತು. ಮುಂದೆ ಅಲ್ಲಿ ಮುಖವಾಡದ ವೈಭವವೇ ವೈಭವ! ಮುಖ ಮುಚ್ಚಿದೊಡನೆ ಪದವಿಯೂ ಮುಚ್ಚುತ್ತಿತ್ತು. ಶ್ರೀಮಂತನೂ ಸೇವಕನೂ ಒಂದೇ ಚೌಕದಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಡೆಯಬಹುದಾಗಿತ್ತು. 1797ರಲ್ಲಿ ನೆಪೋಲಿಯನ್ನನ ಮುಂದೆ ಗಣರಾಜ್ಯ ಕುಸಿಯಿತು; ಹಬ್ಬವೂ ಸೊರಗಿತು. ಅದು ಮತ್ತೆ ಚಿಗುರಿದ್ದು 1979ರ ಸುಮಾರಿಗೆ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಚಿತ್ರ ಅರೆಯಾದೀತು. ರೋಮಿನ ಕಾರ್ನಿವಲ್ಲಿನಲ್ಲಿ 1466ರಿಂದ ಯೆಹೂದ್ಯರನ್ನು ಬಲವಂತವಾಗಿ ಬೀದಿಯಲ್ಲಿ ಓಡಿಸುತ್ತಿದ್ದರು. ನೆರೆದ ಜನಕ್ಕೆ ಅದು ವಿನೋದ; ಓಡುವವನಿಗೆ ಏನಾಗಿದ್ದಿತೆಂದು ಬಿಡಿಸಿ ಹೇಳಬೇಕೇ? ಪೋಪ್ ಒಂಬತ್ತನೆಯ ಕ್ಲೆಮೆಂಟ್ 1668ರಲ್ಲಿ ಇದನ್ನು ನಿಲ್ಲಿಸಿದರೂ, ಓಟದ ಬದಲು ಅವರು ಹಣ ತೆರಬೇಕಾಯಿತು. ದೊಡ್ಡವರನ್ನು ಕಂಡು ಚಿಕ್ಕವರು ನಗುವುದಕ್ಕೆ ಹುಟ್ಟಿದ ಹಬ್ಬ, ಎರಡು ಶತಮಾನಗಳ ಕಾಲ ದಿಕ್ಕಿಲ್ಲದವರನ್ನು ಕಂಡು ನಕ್ಕಿತು. ನಗೆಗೆ ಎಲ್ಲೆ ಬೇಕೆಂದು ನನಗೆ ಮನದಟ್ಟಾದದ್ದು ಈ ಕಥೆಯಿಂದ.

ಜರ್ಮನಿಯ ಕಲೋನ್ ನಗರದವರು ಇದಕ್ಕೊಂದು ಸೊಗಸಾದ ಉಪಾಯ ಕಂಡುಕೊಂಡಿದ್ದಾರೆ. ಪಾನಗೃಹಗಳ ಮುಂದೆ ತೂಗುಹಾಕಿದ ಹುಲ್ಲಿನ ಬೊಂಬೆಯನ್ನು ಮಂಗಳವಾರ ರಾತ್ರಿ ಇಳಿಸಿ ವಿಚಾರಣೆಗೆ ನಿಲ್ಲಿಸುತ್ತಾರೆ. ಕುಡಿದು ಕುಣಿದದ್ದು ಯಾರ ತಪ್ಪು? ಬೊಂಬೆಯದು! ಹಣ ಕರಗಿದ್ದು ಯಾರಿಂದ? ಬೊಂಬೆಯಿಂದ! ಕೊನೆಗೆ ಅದನ್ನು ಸುಡುತ್ತಾರೆ. ಪಾಪದ ಹೊರೆಯನ್ನೆಲ್ಲ ಹುಲ್ಲು ಹೊತ್ತಿತು, ಮನುಷ್ಯ ಉಳಿದುಕೊಂಡ.

ಇಂದು ಯೂರೋಪಿನಲ್ಲಿ ಉಪವಾಸ ಹಿಡಿಯುವವರು ವಿರಳ, ಕುಣಿಯುವವರು ಬಹಳ. ಆದರೂ ಎಲ್ಲೆ ಅಳಿದಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಪ್ರಾಟೆಸ್ಟೆಂಟರ ಊರು. ಅಲ್ಲಿ ವಿಭೂತಿ ಬುಧವಾರ ಕಳೆದ ಮೇಲಿನ ಸೋಮವಾರ, ನಸುಕಿನ 4 ಗಂಟೆಗೆ ಬೀದಿಯ ದೀಪಗಳೆಲ್ಲ ಒಮ್ಮೆಗೇ ಆರುತ್ತವೆ. ಕಿರುಕೊಳಲು, ನಗಾರಿಗಳು ಮೊಳಗುತ್ತವೆ. ಸರಿಯಾಗಿ 72 ಗಂಟೆಗಳಾದೊಡನೆ ಹಬ್ಬ ಮುಗಿಯಿತು! ಉಪವಾಸವನ್ನು ಬಿಟ್ಟವರೂ ಗಡಿಯಾರವನ್ನು ಬಿಡಲಿಲ್ಲ.

ನಾಳೆ ಬೂದಿ ಎಂದು ಬಲ್ಲವನ ಇಂದಿನ ನಗೆಗೆ ಒಂದು ರುಚಿಯುಂಟು. ಆದರೆ ಆ ಬೂದಿ ಹುಲ್ಲಿನದಾಗಿರಲಿ, ನೆರೆಯವನ ಮಾನದ್ದಾಗದಿರಲಿ.