ಅಮಾನ್ಯ ಎಂದರೆ ನಾವು ಮಾನ್ಯರಲ್ಲವೇ?

‘ನಿಮ್ಮ ಸೊಸೆ ಏನು ಕೆಲಸ ಮಾಡ್ತಾಳೆ?’ ಎಂದು ಯಾರಾದರೂ ಕೇಳಿದರೆ ನಮ್ಮತ್ತೆಯವರು ಕೊಡುವ ಉತ್ತರ ಒಂದೇ: ‘ಕಂಪ್ಯೂಟರ್ ಕುಟ್ತಾಳೆ.’ ಈ ಮಾತಿಗೆ ನಾನೆಂದೂ ಬೇಸರಪಟ್ಟವಳಲ್ಲ. ಭತ್ತ ಕುಟ್ಟಿ, ರಾಗಿ ಬೀಸಿ ಸಂಸಾರ ಸಾಗಿಸಿದವರ ಬಾಯಲ್ಲಿ ಕುಟ್ಟುವುದೆಂದರೆ ಕೆಲಸವೆಂದೇ ಅರ್ಥ.

ನಾನು ವೆಬ್ ಡೆವಲಪರ್. ತವರು ನಾಗಮಂಗಲ ತಾಲ್ಲೂಕು, ಸೇರಿದ ಮನೆ ಪಾಂಡವಪುರ, ಕೆಲಸ ಮೈಸೂರಿನ ಒಂದು ಕಂಪನಿಯದು. ವಾರದಲ್ಲಿ ಮೂರು ದಿನ ಮನೆಯಿಂದಲೇ ದುಡಿಮೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿರುತ್ತದೆ, ಹಜಾರದಲ್ಲಿ ಲ್ಯಾಪ್‌ಟಾಪ್. ನೀವು ಮೊಬೈಲಿನಲ್ಲಿ ಗ್ಯಾಸ್ ಬುಕ್ ಮಾಡುವಾಗ, ಮಗನ ಪರೀಕ್ಷೆಯ ಫಲಿತಾಂಶ ನೋಡುವಾಗ, ಬಸ್ಸಿನ ಟಿಕೆಟ್ ಕಾದಿರಿಸುವಾಗ ಪುಟ ತೆರೆಯುತ್ತದಲ್ಲ, ಅಂಥ ಪುಟಗಳನ್ನು ಕಟ್ಟುವವರಲ್ಲಿ ನಾನೂ ಒಬ್ಬಳು. ಆ ಕೆಲಸದ ಒಳಮನೆಯ ಮಾತನ್ನು ಇವತ್ತು ನಿಮ್ಮ ಹತ್ತಿರ ಒಂದಿಷ್ಟು ಹೇಳಿಕೊಳ್ಳಬೇಕು. ಅದಕ್ಕೆ ಕಾರಣ ನಮ್ಮ ಬೀದಿಯ ಒಬ್ಬ ಹೆಂಗಸು.

ಅವರ ಹೆಸರು ಬೇಡ. ಅರವತ್ತು ದಾಟಿದವರು, ಗಂಡನಿಲ್ಲ. ತಿಂಗಳಿಗಿಷ್ಟು ಎಂದು ಬರುವ ಒಂದು ಸಣ್ಣ ಸಹಾಯಧನಕ್ಕೆ ಅರ್ಜಿ ಹಾಕಲು ಮೂರು ಸಲ ಹೋಗಿ ಮೂರು ಸಲವೂ ಬರಿಗೈಯಲ್ಲಿ ಬಂದರು. ಮೊದಲ ಸಲ, ‘ಕೊನೆಯ ಹೆಸರು’ ಎಂಬ ಚೌಕವನ್ನು ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗಲಿಲ್ಲ. ಅವರಿಗಿರುವುದೇ ಒಂದು ಹೆಸರು! ಎರಡನೇ ಸಲ, ಆಧಾರ್ ಕಾರ್ಡಿನ ಸ್ಪೆಲ್ಲಿಂಗಿಗೂ ಬ್ಯಾಂಕಿನ ಪಾಸ್‌ಬುಕ್ಕಿನ ಸ್ಪೆಲ್ಲಿಂಗಿಗೂ ತಾಳೆಯಾಗಲಿಲ್ಲ. ಮೂರನೇ ಸಲ, ಒಟಿಪಿ ಹೋದದ್ದು ಬೆಂಗಳೂರಿನಲ್ಲಿರುವ ಮಗನ ಫೋನಿಗೆ. ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಓದಿ ಹೇಳುವಷ್ಟರಲ್ಲಿ ಅವಧಿ ಮುಗಿದು, ತುಂಬಿದ್ದೆಲ್ಲ ಅಳಿಸಿಹೋಯಿತು. ಪರದೆಯ ಮೇಲೆ ಕೆಂಪಕ್ಷರದಲ್ಲಿ ‘ಅಮಾನ್ಯ ನಮೂದು’ ಎಂದು ಬಂತಂತೆ.

‘ಅಮಾನ್ಯ ಅಂದ್ರೇನವ್ವ? ನಾವು ಮಾನ್ಯರಲ್ಲ ಅಂತ್ಲಾ? ಓದು ಬರದಿದ್ದೋರ್ನ ಅದು ಒಪ್ಪಕಿಲ್ವೇನೋ. ಓಗ್ಲಿ ಬುಡವ್ವ’ ಎಂದರು.

ಆ ‘ಓಗ್ಲಿ ಬುಡವ್ವ’ ನನಗೆ ಮುಳ್ಳಿನಂತೆ ಚುಚ್ಚಿತು. ಅವರು ಬಿಡಲು ಹೊರಟದ್ದು ಔಷಧಿಯ ದುಡ್ಡನ್ನು. ಮೂರು ತೊಂದರೆಗಳಲ್ಲಿ ಒಂದಾದರೂ ಅವರ ದಡ್ಡತನದಿಂದ ಬಂದದ್ದೇ? ಇಲ್ಲ. ಮೂರೂ ಬೇರೆ ಯಾರದೋ ಕೈಕೆಲಸ. ನಿಮಗೆ ನಾನು ಬಿಡಿಸಿ ಹೇಳಬೇಕೆಂದಿರುವುದು ಇದನ್ನೇ.

ಮೊದಲು ಬ್ರೌಸರಿನ ಕಥೆ ಕೇಳಿ. ಫೋನಿನಲ್ಲಿ ಪುಟ ತೆರೆದು ತೋರಿಸುವ ಕ್ರೋಮ್, ಫೈರ್‌ಫಾಕ್ಸ್ ಇವೆಯಲ್ಲ, ಅವೇ ಬ್ರೌಸರುಗಳು. ಸ್ವಿಟ್ಜರ್ಲೆಂಡಿನ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ಈ ಜಾಲದ ಯೋಚನೆ ಮುಂದಿಟ್ಟು, 1990ರಲ್ಲಿ ಮೊದಲ ಬ್ರೌಸರನ್ನು ಬರೆದರು. 1993ರ ಏಪ್ರಿಲ್ 30ರಂದು ಆ ಸಂಸ್ಥೆ ‘ಇದನ್ನು ಯಾರು ಬೇಕಾದರೂ ಕಾಸು ಕೊಡದೆ ಬಳಸಬಹುದು’ ಎಂದು ಬಿಟ್ಟುಕೊಟ್ಟಿತು. ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು. ಊರ ಬಾವಿಯ ಹಾಗೆ ಎಲ್ಲರಿಗೂ ಸೇರಲಿ ಎಂದೇ ಹುಟ್ಟಿದ ವಸ್ತು ಇದು. ಓದಿದವರಿಗೆ ಮಾತ್ರ ಎಂದು ಯಾರೂ ಬೋರ್ಡು ಹಾಕಿರಲಿಲ್ಲ.

ಇನ್ನು ಪುಟ ನಿಮ್ಮ ಫೋನಿಗೆ ಬರುವುದು ಹೇಗೆ ಗೊತ್ತೇ? ನಾವು ಕಳಿಸುವುದು ಅಡುಗೆಯನ್ನಲ್ಲ, ಅಡುಗೆ ಮಾಡುವ ವಿಧಾನವನ್ನು. ಇಷ್ಟು ಅಗಲ ಇಡು, ಇಲ್ಲಿ ಚಿತ್ರ ಹಾಕು, ಇಲ್ಲಿ ಹೆಸರು ಕೇಳು ಎಂದು ಬರೆದು ಕಳಿಸುತ್ತೇವೆ. ಅಡುಗೆಯಾಗುವುದು ನಿಮ್ಮ ಫೋನಿನೊಳಗೆ, ಮಾಡುವುದು ಬ್ರೌಸರು. ಈ ಪತ್ರಿಕೆಯ ಒಂದೇ ರೆಸಿಪಿ ನಿಮ್ಮ ಮನೆಯಲ್ಲಿ ಒಂದು ಥರ, ಓರಗಿತ್ತಿಯ ಮನೆಯಲ್ಲಿ ಇನ್ನೊಂದು ಥರ ಆಗುವುದಿಲ್ಲವೇ? ಇದೂ ಹಾಗೆಯೇ. ವಿಧಾನ ಬರೆದವರು ಬೆಂಗಳೂರಿನ ವೇಗದ ವೈಫೈನಲ್ಲಿ, ದುಬಾರಿ ಫೋನಿನಲ್ಲಿ ರುಚಿ ನೋಡಿ ‘ಚೆನ್ನಾಗಿದೆ’ ಎಂದಿರುತ್ತಾರೆ. ಅದೇ ಪುಟ ಕೆ.ಆರ್. ಪೇಟೆಯ ಬಸ್ ನಿಲ್ದಾಣದಲ್ಲಿ ನಿಂತ ನಮ್ಮ ನಾದಿನಿಯ ಹಳೇ ಫೋನಿನಲ್ಲಿ ಗಿರಗಿರನೆ ಸುತ್ತುತ್ತಲೇ ಇರುತ್ತದೆ. ಅವಳು ‘ನನ್ನ ಕೈಗುಣ ಸರಿಯಿಲ್ಲ ಕಣತ್ತಿಗೆ’ ಎನ್ನುತ್ತಾಳೆ. ಕೈಗುಣಕ್ಕೇನಾಗಿದೆ? ಒಂದು ಸೇರು ಪಾತ್ರೆಗೆ ಐದು ಸೇರಿನ ಅಳತೆ ಬರೆದು ಕಳಿಸಿದವರನ್ನು ಕೇಳಬೇಕು.

ಹೆಸರಿನ ಸಮಾಚಾರವಂತೂ ಇನ್ನೂ ಸ್ವಾರಸ್ಯ. ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಚೌಕ ಪಶ್ಚಿಮದ ಪದ್ಧತಿ. ನಮ್ಮ ಕಡೆ ತಂದೆಯದೋ ಗಂಡನದೋ ಊರಿನದೋ ಒಂದು ಇನಿಷಿಯಲ್ಲು, ಆಮೇಲೆ ಒಂದು ಹೆಸರು, ಮುಗಿಯಿತು. ಜಯಲಕ್ಷ್ಮಮ್ಮ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ‘ಕೆ ಎಸ್ ಎಚ್’ ಹಾಕುತ್ತಾರೆ, ಇನ್ನೊಬ್ಬರು ‘ಎಕ್ಸ್’ ಹಾಕುತ್ತಾರೆ. ಕೂಗಿದರೆ ಒಬ್ಬರೇ ತಿರುಗಿ ನೋಡುತ್ತಾರೆ, ಆದರೆ ಕಂಪ್ಯೂಟರಿಗೆ ಅವರು ಇಬ್ಬರು. ಊರುಗಳನ್ನೇ ನೋಡಿ. ನಮ್ಮ ಪಾಂಡವಪುರ ಹಿಂದೆ ಹಿರೋಡೆ, ನಡುವೆ ಫ್ರೆಂಚ್ ರಾಕ್ಸ್. ಕೃಷ್ಣರಾಜಪೇಟೆ ಹಿಂದೆ ಅತ್ತಿಗುಪ್ಪೆ. ನಮ್ಮ ಅಜ್ಜಂದಿರು ಯಾವ ಹೆಸರು ಹೇಳಿದರೂ ತಪ್ಪದೆ ಊರು ಸೇರುತ್ತಿದ್ದರು. ಯಂತ್ರಕ್ಕೆ ಆ ಸಲಿಗೆ ಬರಬೇಕಾದರೆ ಯಾರಾದರೂ ಹೇಳಿಕೊಡಬೇಕು.

ಕನ್ನಡದಲ್ಲೇ ಬರೆದರಾಯಿತಲ್ಲ ಎನ್ನುತ್ತೀರಾ? ಬರೆಯಬಹುದು. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, ಬರಹ, ನುಡಿಯಂಥ ತಂತ್ರಾಂಶಗಳು ನಮ್ಮ ಬೆರಳುಗಳಿಗೆ ದಾರಿ ಮಾಡಿಕೊಟ್ಟಿವೆ. ಆದರೆ ಎಣಿಕೆಯಲ್ಲಿ ಒಂದು ತಮಾಷೆಯಿದೆ. ನಾವು ‘ಶ್ರೀರಂಗಪಟ್ಟಣ’ ಎಂದು ಬರೆದು ಬೆರಳು ಮಡಿಸಿದರೆ ಆರು ಅಕ್ಷರ. ಕಂಪ್ಯೂಟರು ಕೊಂಬು, ದೀರ್ಘ, ಒತ್ತುಗಳನ್ನೆಲ್ಲ ಬೇರೆ ಬೇರೆ ಲೆಕ್ಕ ಹಿಡಿದು 12 ಎನ್ನುತ್ತದೆ. ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ, ಅದಕ್ಕೆ ಆರು! ಇಂಗ್ಲಿಷಿನ ಅಳತೆಯಲ್ಲಿ ಚೌಕ ಹೊಲಿದವರು ‘ಇಷ್ಟಕ್ಕಿಂತ ಉದ್ದ ಬರೆಯಬಾರದು’ ಎಂದಾಗ ನಮ್ಮ ಹೆಸರು ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ರವಿಕೆ ಬಿಗಿಯಾದರೆ ಮೈಯನ್ನು ಕತ್ತರಿಸುತ್ತೇವೆಯೇ? ಹೊಲಿಗೆ ಬಿಚ್ಚುತ್ತೇವೆ.

ಈ ಮಾತನ್ನೆಲ್ಲ ನಮ್ಮ ಆಫೀಸಿನ ಮೀಟಿಂಗಿನಲ್ಲಿ ಎತ್ತಿದೆ. ನಮ್ಮ ಹುಡುಗರು ಕೆಟ್ಟವರಲ್ಲ, ಬುದ್ಧಿವಂತರು. ಆದರೆ ಈ ಲೋಕದಲ್ಲಿ ಒಂದು ರೂಢಿಮಾತಿದೆ, ‘ಎಡ್ಜ್ ಕೇಸ್’ ಎಂದು. ಎಲ್ಲೋ ಅಂಚಿನಲ್ಲಿ ಅಪರೂಪಕ್ಕೆ ಬರುವ ಪ್ರಸಂಗ, ಆಮೇಲೆ ನೋಡಿಕೊಂಡರಾಯಿತು ಎಂದು ಅರ್ಥ. ‘ಒಂದೇ ಹೆಸರಿರೋರು ಎಡ್ಜ್ ಕೇಸ್ ಅಕ್ಕ’ ಎಂದ ಒಬ್ಬ. ‘ನಮ್ಮ ಜಿಲ್ಲೆಯ ಅತ್ತೆಯಂದಿರೆಲ್ಲ ಅಂಚಾದರೆ ಸೀರೆಯ ಒಡಲು ಯಾವುದಪ್ಪ?’ ಎಂದೆ. ಎಲ್ಲರೂ ನಕ್ಕರು. ನಕ್ಕಮೇಲೆ ಮಾತು ಸಲೀಸಾಯಿತು.

ಅವಧಿಯ ವಿಷಯಕ್ಕೆ ನಾನು ನಿಯಮವನ್ನೇ ತೋರಿಸಿದೆ. ಜಾಲದ ರೀತಿನೀತಿ ರೂಪಿಸುವ ಒಂದು ಒಕ್ಕೂಟವನ್ನು ಅದೇ ಬರ್ನರ್ಸ್-ಲೀ 1994ರಲ್ಲಿ ಕಟ್ಟಿದರು. ಆ ಒಕ್ಕೂಟ 2008ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇದಕ್ಕೂ ದಾರಿಯಿದೆ: ಹೊತ್ತು ಮೀರುವ ಮುಂಚೆ ಎಚ್ಚರಿಸಿ, ಒಂದು ಗುಂಡಿ ಒತ್ತಿ ಮುಂದೂಡಲು ಕಡೇಪಕ್ಷ 20 ಸೆಕೆಂಡು ಕೊಡಿ, ಹತ್ತು ಸಲವಾದರೂ ಹಾಗೆ ಮುಂದೂಡಲು ಬಿಡಿ ಎಂದು. ಒಟಿಪಿಗೆ ಅವಧಿ ಇರಲೇಬೇಕು, ಇಲ್ಲದಿದ್ದರೆ ಕಳ್ಳರಿಗೆ ಸುಗ್ಗಿ. ಆದರೆ ಅದು ಮುಗಿದೊಡನೆ ತುಂಬಿದ್ದೆಲ್ಲ ಅಳಿಸಬೇಕೆಂದು ಯಾವ ಶಾಸ್ತ್ರದಲ್ಲಿದೆ? ಈಗ ನಾವು ಕಟ್ಟುವ ಪುಟಗಳಲ್ಲಿ ಹೆಸರಿಗೆ ಒಂದೇ ಚೌಕ, ಅವಧಿಗೆ ಮುನ್ನೆಚ್ಚರಿಕೆ. ‘ಅಮಾನ್ಯ’ ಎಂಬ ಮಾತಿಗೆ ಬದಲು ‘ಹುಟ್ಟಿದ ದಿನಾಂಕ ಬರೆದಿಲ್ಲ, ದಯವಿಟ್ಟು ಬರೆಯಿರಿ’ ಎಂಬಂಥ ಮನುಷ್ಯರ ಮಾತು. ಇಷ್ಟಕ್ಕೇ ಲೋಕ ಬದಲಾಗಲಿಲ್ಲ. ಬೇರೆಯವರು ಕಟ್ಟಿದ ಪುಟಗಳು ಸಾವಿರಾರಿವೆ.

ಯಂತ್ರವನ್ನು ಬಯ್ಯಲು ನಾನಿದನ್ನು ಬರೆಯುತ್ತಿಲ್ಲ. ನಮ್ಮ ರಾಜ್ಯದ ‘ಭೂಮಿ’ ಯೋಜನೆಯನ್ನೇ ನೋಡಿ. 2000ನೇ ಇಸವಿಯ ಆಸುಪಾಸಿನಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಒಂದು ಪಹಣಿಗಾಗಿ ಗ್ರಾಮಲೆಕ್ಕಿಗರ ಮನೆ ಬಾಗಿಲು ಕಾಯುತ್ತಿದ್ದ ಹೆಂಗಸರು ಕೌಂಟರಿನಲ್ಲಿ ದುಡ್ಡು ಕೊಟ್ಟು ರಸೀದಿ ಸಹಿತ ಪಡೆಯುವಂತಾಯಿತು. ಯಂತ್ರ ಮನಸ್ಸು ಮಾಡಿದರೆ ಯಾರ ಹಂಗೂ ಇಲ್ಲದಂತೆ ಮಾಡಬಲ್ಲದು. ಮನಸ್ಸು ಮಾಡಬೇಕಾದವರು ಅದನ್ನು ಕಟ್ಟುವವರು, ಅಷ್ಟೆ.

ನಮ್ಮ ಬೀದಿಯವರ ಕಥೆ ಏನಾಯಿತೆಂದು ನೀವು ಕೇಳುತ್ತೀರಿ. ಒಂದು ಸೋಮವಾರ ರಜೆ ಹಾಕಿ ಅವರ ಜೊತೆ ಹೊರಟೆ. ಬ್ಯಾಂಕಿಗೆ ಆಧಾರಿನ ನಕಲು ಕೊಟ್ಟು ಸ್ಪೆಲ್ಲಿಂಗ್ ತಿದ್ದಿಸಿದೆವು. ಆಧಾರ್ ಕೇಂದ್ರದಲ್ಲಿ ಮಗನ ನಂಬರು ತೆಗೆಸಿ ಅವರದೇ ಫೋನಿನ ನಂಬರು ಹಾಕಿಸಿದೆವು. ಕೊನೆಯ ಹೆಸರಿನ ಚೌಕಕ್ಕೆ ಇನಿಷಿಯಲ್ ಬರೆದಾಗ ದಾರಿ ಬಿಟ್ಟಿತು. ಅರ್ಜಿ ಒಪ್ಪಿಗೆಯಾಗಿ ಹಣ ಬರುತ್ತಿದೆ. ನಡುವೆ ಕಳೆದ ಏಳು ತಿಂಗಳಿನದು ಮಾತ್ರ ಬರಲೇ ಇಲ್ಲ.

ಅದಕ್ಕೇ ನಿಮಗೊಂದು ನಾಲ್ಕು ಮಾತು. ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡು ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರಿನ ಒಂದೊಂದು ಅಕ್ಷರವನ್ನೂ ಬಿಡುವಾದಾಗ ತಾಳೆ ನೋಡಿ. ನಂಬರು ನಿಮ್ಮ ಫೋನಿನದೇ ಇರಲಿ. ಯಜಮಾನರದೋ ಮಗನದೋ ಇದ್ದರೆ ನಿಮ್ಮ ಬೀಗದ ಕೀಲಿ ಇನ್ನೊಬ್ಬರ ಜೇಬಿನಲ್ಲಿದ್ದ ಹಾಗೆ. ಫೋನ್ ಮಾಡಿ ಒಟಿಪಿ ಕೇಳುವವರು ಎಷ್ಟೇ ನಯವಾಗಿ ಮಾತಾಡಲಿ, ಹೇಳಬೇಡಿ. ಹಣ ಹೋಯಿತೆಂದು ತಿಳಿದರೆ ಅಳುತ್ತ ಕೂರದೆ ಒಡನೆಯೇ 1930ಕ್ಕೆ ಕರೆ ಮಾಡಿ. ಅರ್ಜಿ ಹಾಕಿಸಿದ ಕಡೆ ಸ್ವೀಕೃತಿಯ ಚೀಟಿ ಕೈಗೆ ಬರುವವರೆಗೂ ಕುರ್ಚಿ ಬಿಟ್ಟು ಏಳಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು, ಪುಟ ನಿಮ್ಮನ್ನು ಬೇಡವೆಂದಾಗ ತಲೆ ತಗ್ಗಿಸಿ ಎದ್ದು ಬರಬೇಡಿ. ‘ಏನು ಬರೆದರೆ ಒಪ್ಪುತ್ತೆ, ಹೇಳಿ’ ಎಂದು ಕೌಂಟರಿನವರನ್ನು ಕೇಳಿ. ಪುಟದ ಕೆಳಗೆ ದೂರಿನ ನಂಬರಿದ್ದರೆ ಅದಕ್ಕೆ ಫೋನ್ ಮಾಡಿ, ಸಿಟ್ಟಿನಿಂದಲ್ಲ, ಅಂಗಡಿಯಲ್ಲಿ ತೂಕ ಕಮ್ಮಿಯಾದಾಗ ಕೇಳುವ ಹಾಗೆ. ಆ ದೂರು ಸುತ್ತಿ ಬಳಸಿ ನನ್ನಂಥ ಒಬ್ಬಳ ಮೇಜಿಗೆ ಬಂದು ಬೀಳುತ್ತದೆ. ಬಿದ್ದ ದಿನ ‘ಎಡ್ಜ್ ಕೇಸ್’ ಎನ್ನುವವರ ಮುಂದೆ ಇಡಲು ನಮ್ಮ ಕೈಗೂ ಒಂದು ಕಾಗದ ಸಿಕ್ಕಿದಂತಾಗುತ್ತದೆ.