ದಾರದಲ್ಲಿ ಅಳೆದ ದಾರಿ

ಸಿಂಗಪುರದಂಥ ಊರಲ್ಲಿ ಕಾಡು ಸುತ್ತಲು ಕಾಗದದ ನಕ್ಷೆ ಯಾಕೆ ಎಂದು ನನ್ನ ಸಹೋದ್ಯೋಗಿಗಳು ನಗುತ್ತಾರೆ. ವೋಚರ್ ಕೈಯಲ್ಲಿಲ್ಲದೆ ಯಾವ ಲೆಕ್ಕವನ್ನೂ ನಂಬದ ವೃತ್ತಿ ನನ್ನದು. ಇಲ್ಲಿನ ಉದ್ಯಾನಗಳನ್ನು ನೋಡಿಕೊಳ್ಳುವ ಎನ್‌ಪಾರ್ಕ್ಸ್ ಸಂಸ್ಥೆಯ ಜಾಲತಾಣದಲ್ಲಿ ನಡಿಗೆ ದಾರಿಗಳ ನಕ್ಷೆಗಳು ಸಿಗುತ್ತವೆ. ಪರದೆಯ ಚಿತ್ರ ತೆಗೆದುಕೊಂಡರೆ ಹಿಗ್ಗಿಸಿದಾಗ ಅಕ್ಷರ ಮಸುಕಾಗುತ್ತದೆ. ಅದಕ್ಕೇ ಪಿಡಿಎಫ್ ಕಡತವನ್ನೇ ಉಳಿಸಿಕೊಳ್ಳುತ್ತೇನೆ. ಮುದ್ರಿಸುವಾಗ 'ಪೋಸ್ಟರ್' ಆಯ್ಕೆ ಒತ್ತಿ, ನಾಲ್ಕು ಎ4 ಹಾಳೆಗಳಿಗೆ ಹಂಚಿ ಅಂಟಿಸಿದರೆ ಎಪ್ಪತ್ತು ದಾಟಿದ ಕಣ್ಣಿಗೂ ಓದಲು ಬರುತ್ತದೆ.

ಆ ಕಣ್ಣು ನಮ್ಮಪ್ಪನದು. ಶಿವಮೊಗ್ಗ ಜಿಲ್ಲೆಯಲ್ಲಿ ಭೂಮಾಪಕರಾಗಿ ನಿವೃತ್ತರಾದವರು. ಒಂದು ಸರಪಳಿಗೆ 33 ಅಡಿ, ಅಂದರೆ 16 ಆಣೆ. ಸರಪಳಿ ಉದ್ದ, ಸರಪಳಿ ಅಗಲದ ಜಾಗ ಒಂದು ಗುಂಟೆ, 1,089 ಚದರಡಿ. ನಾನು ಬಿಕಾಂ ಸೇರುವ ಎಷ್ಟೋ ಮೊದಲೇ ಅವರಿಂದ ಕಲಿತ ಲೆಕ್ಕ ಇದು.

ಕಳೆದ ಸಲ ಬಂದಾಗ ಮೆಕ್‌ರಿಚಿ ಜಲಾಶಯದ ಕಾಡಿನ ನಕ್ಷೆಯನ್ನು ಅವರ ಮುಂದೆ ಹರಡಿದೆ. "ಅಳತೆಪಟ್ಟಿ ಎಲ್ಲೋ?" ಎಂದರು ಮೊದಲಿಗೆ. ಹಾಳೆಗೆ ಹೊಂದಿಸಿ ಮುದ್ರಿಸಿದಾಗ ನಕ್ಷೆ ಕುಗ್ಗುತ್ತದೆ, ಇಲ್ಲವೇ ಹಿಗ್ಗುತ್ತದೆ. ಆಗ 1:10,000 ಎಂಬಂಥ ಬರಹ ಸುಳ್ಳಾಗುತ್ತದೆ. ಗೆರೆಯಲ್ಲಿ ಎಳೆದ ಪಟ್ಟಿ ಮಾತ್ರ ನಕ್ಷೆಯ ಜೊತೆಗೇ ಬದಲಾಗುವುದರಿಂದ ಅದನ್ನು ನಂಬಬಹುದು. ಅಪ್ಪ ಹೊಲಿಗೆ ದಾರ ತರಿಸಿದರು. ದಾರಿಯ ತಿರುವುಗಳ ಮೇಲೆಲ್ಲ ಅದನ್ನು ಹಾಸಿ, ನೇರ ಮಾಡಿ, ಪಟ್ಟಿಗೆ ಹಿಡಿದು ಅಳೆದರು.

ಮಕ್ಕಳಿಗೆ ನೋಡಬೇಕಿದ್ದದ್ದು ಟ್ರೀಟಾಪ್ ವಾಕ್. 2004ರಲ್ಲಿ ತೆರೆದ 250 ಮೀಟರ್ ಉದ್ದದ ತೂಗುಸೇತುವೆ. ಎತ್ತರದ ಜಾಗದಲ್ಲಿ ಕಾಡಿನ ನೆಲ 25 ಮೀಟರ್ ಕೆಳಗಿರುತ್ತದೆ. ಅದರ ಮೇಲೆ ನಡೆಯುವುದು ಒಂದೇ ದಿಕ್ಕಿನಲ್ಲಿ. ಕಾಲಿಟ್ಟ ಮೇಲೆ ಹಿಂದಿರುಗುವಂತಿಲ್ಲ, ದಾಟಿದ ಮೇಲೆ ಮೆಟ್ಟಿಲುಗಳಿವೆ. ಅಪ್ಪನ ಬಲ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ. ಆದರೂ ಮೊಮ್ಮಕ್ಕಳು ಕರೆದರೆ ಹಲ್ಲುಕಚ್ಚಿ ನಡೆದು, ರಾತ್ರಿ ಯಾರಿಗೂ ಕಾಣದಂತೆ ಎಣ್ಣೆ ತಿಕ್ಕಿಕೊಳ್ಳುವವರು. "ನೀವು ಬರಬೇಡಿ" ಎಂದು ಅವರಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ದಾರ ಮಡಿಚಿಟ್ಟು, ಸೇತುವೆಗಿಂತ ಮೊದಲು ಸಿಗುವ ರೇಂಜರ್ ಸ್ಟೇಷನ್ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕಿದರು. "ಇಲ್ಲಿ ನೀರಿದೆ, ಕೂರಲು ಜಾಗ ಇರುತ್ತೆ. ನಾನು ಇಲ್ಲಿವರೆಗೆ. ನೀವು ಸುತ್ತುಹಾಕಿ ಬನ್ನಿ."

ತಮ್ಮ ಕೈಲಾಗದು ಎಂಬ ಮಾತು ಅಪ್ಪನ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಅವತ್ತೂ ಅವರು ಅದನ್ನು ಹೇಳಬೇಕಾಗಲಿಲ್ಲ.