ರಸಪುರಿಯೋ ಬಾದಾಮಿಯೋ

ಮೇ ತಿಂಗಳು ಬಂತೆಂದರೆ ಮಾವಿನ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯ ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ತಳ್ಳುಗಾಡಿಯ ಮುಂದೆ ನಿಂತವರೊಬ್ಬರು "ಹಣ್ಣು ಅಂದ್ರೆ ರಸಪುರಿ ಕಣ್ರೀ" ಎಂದರೆ ಸಾಕು, ಗುರುತು ಪರಿಚಯವಿಲ್ಲದ ಇನ್ನೊಬ್ಬರು "ಬಾದಾಮಿ ಮುಂದೆ ಅದೆಲ್ಲಿ ನಿಲ್ಲುತ್ತೆ?" ಎಂದು ಶುರುಮಾಡುತ್ತಾರೆ. ಧಾರವಾಡದವರಿಗೆ ಅವರ ಆಪೂಸೇ ಆಗಬೇಕು. ಅಂಕೋಲೆಯವರು ಕರಿ ಈಶಾಡಿನ ಹೆಸರೆತ್ತುತ್ತಾರೆ. ಸಾಗರ, ಶಿರಸಿಯ ಕಡೆಯವರು ಹಣ್ಣಿನ ಮಾತನ್ನೇ ಬದಿಗಿಟ್ಟು ಅಪ್ಪೆಮಿಡಿಗೆ ಬರುತ್ತಾರೆ. ಇದೆಲ್ಲ ಕಾಡುಹರಟೆ ಎನ್ನುವವರಿದ್ದಾರೆ. ನನಗಂತೂ ಈ ಹರಟೆಯ ಮೇಲೆ ಗೌರವವಿದೆ. ನಮ್ಮ ಮಾವಿನ ತಳಿಗಳು ಇಷ್ಟೊಂದು ಬಗೆಯಾಗಿ ಉಳಿದುಬಂದಿರುವುದರಲ್ಲಿ ಇದರ ಪಾಲು ದೊಡ್ಡದು.

ರಸಪುರಿಯವರ ವಾದ ಕೇಳಿ ನೋಡಿ. ಅದನ್ನು ಹೆಚ್ಚಬಾರದು, ಅಂಗೈಯಲ್ಲಿಟ್ಟು ಮೆಲ್ಲಗೆ ಹಿಸುಕಿ, ತೊಟ್ಟು ತೆಗೆದು, ರಸವನ್ನು ಬಟ್ಟಲಿಗೆ ಹಿಂಡಬೇಕು. ಹಾಲು, ಬೆಲ್ಲ, ಚಿಟಿಕೆ ಏಲಕ್ಕಿ ಸೇರಿದರೆ ಸೀಕರಣೆ. ಬಾದಾಮಿಯವರು ಒಪ್ಪುವುದಿಲ್ಲ. ಗಟ್ಟಿ ತಿರುಳು, ನಾರಿಲ್ಲ, ಹೋಳು ಮಾಡಿದರೆ ಅಂಚು ಕೆಡುವುದಿಲ್ಲ, ನಾಲ್ಕು ದಿನ ಇಟ್ಟರೂ ತಡೆಯುತ್ತದೆ ಎನ್ನುತ್ತಾರೆ. ಇಬ್ಬರ ಮಾತೂ ದಿಟ. ಒಬ್ಬರು ಅಡುಗೆಮನೆಯ ಬಟ್ಟಲನ್ನು ನೆನೆದು ಮಾತಾಡುತ್ತಿದ್ದಾರೆ, ಇನ್ನೊಬ್ಬರು ಊಟದ ತಟ್ಟೆಯನ್ನು.

ಈ ಮಾತುಗಳ ಬೆಲೆ ತಿಳಿಯಬೇಕಾದರೆ ಮಾವಿನ ಸ್ವಭಾವ ತಿಳಿಯಬೇಕು. ನಮ್ಮ ಬಹುಪಾಲು ತಳಿಗಳಲ್ಲಿ ಗೊರಟು ನೆಟ್ಟರೆ ತಾಯಿಮರದ ಹಣ್ಣೇ ಬರುತ್ತದೆಂಬ ಖಾತ್ರಿಯಿಲ್ಲ. ಹುಳಿಯೋ ನಾರೋ, ಏನು ಬೇಕಾದರೂ ಬಂದೀತು. ಅದೇ ರುಚಿ ಬೇಕಾದರೆ ಕಸಿ ಕಟ್ಟಬೇಕು. ಅಂದರೆ, ಎಂದೋ ಒಂದು ದಿನ ಯಾರೋ ಒಬ್ಬರು ಒಂದು ಮರದ ಹಣ್ಣು ತಿಂದು "ಇದು ಚೆನ್ನಾಗಿದೆ" ಎಂದಿರಬೇಕು. ಆ ಮಾತನ್ನು ನೆಚ್ಚಿ ಇನ್ನೊಬ್ಬರು ಅದರ ಕಡ್ಡಿ ಒಯ್ದಿರಬೇಕು. ಹೆಸರುಳ್ಳ ಪ್ರತಿಯೊಂದು ಕಸಿಮಾವಿನ ಹಿಂದೆಯೂ ಯಾರದೋ ನಾಲಿಗೆಯ ತೀರ್ಪಿದೆ.

ಅಪ್ಪೆಮಿಡಿಯಲ್ಲಿ ಇದು ಇನ್ನೂ ಸ್ಪಷ್ಟ. ಅಘನಾಶಿನಿ, ಶರಾವತಿ, ವರದೆಯಂಥ ಹೊಳೆಗಳ ದಂಡೆಯಲ್ಲಿ ತಾನಾಗಿ ಬೆಳೆದ ಮರಗಳು ಅವು. ಒಂದರ ಮಿಡಿಯಂತೆ ಇನ್ನೊಂದರದಿಲ್ಲ. ಬಲ್ಲವರು ಮಿಡಿಯ ತೊಟ್ಟು ಮುರಿದು, ಚಿಮ್ಮಿದ ಸೊನೆಯನ್ನು ಮೂಸಿ, ಹೋಳನ್ನು ಹಲ್ಲಿಗೆ ಕೊಟ್ಟು ನೋಡುತ್ತಾರೆ. ಜೀರಿಗೆಯ ಪರಿಮಳವಿದ್ದರೆ ಅದು ಜೀರಿಗೆ ಮಿಡಿ. ಉಪ್ಪಿನಲ್ಲಿ ವರ್ಷ ಕಳೆದರೂ ಕರುಮ್ ಎನ್ನುತ್ತದೆಯೇ ಎಂಬುದು ಮುಂದಿನ ಪ್ರಶ್ನೆ. ಮದುವೆಮನೆಯ ಪಂಕ್ತಿಯಲ್ಲಿ "ಈ ಮಿಡಿ ಯಾವ ಮರದ್ದು?" ಎಂದು ಒಬ್ಬರು ಕೇಳಿದರೆ, ಆ ಮರ ಯಾರ ಗದ್ದೆಯ ಅಂಚಿನಲ್ಲಿದೆ ಎಂಬುದು ಊಟ ಮುಗಿಯುವುದರೊಳಗೆ ಹತ್ತು ಜನಕ್ಕೆ ಗೊತ್ತಾಗುತ್ತದೆ. ಹಾಗೆ ಗೊತ್ತಾದ ಮರಕ್ಕೆ ಕೊಡಲಿ ಬೀಳುವುದು ಅಷ್ಟು ಸುಲಭವಲ್ಲ. ಕಸಿಗೆ ಕಡ್ಡಿ ಕೇಳಿಕೊಂಡು ನೆಂಟರು ಬಂದೇ ಬರುತ್ತಾರೆ.

ನಾವು ಬಾಯಿ ಮುಚ್ಚಿಕೊಂಡರೆ ಆಯ್ಕೆ ಮಾಡುವುದು ಮಾರುಕಟ್ಟೆ. ಅದಕ್ಕೆ ಬೇಕಾದದ್ದು ದೂರದ ಲಾರಿ ಪ್ರಯಾಣ ತಡೆಯುವ ಸಿಪ್ಪೆ, ಒಂದೇ ಅಳತೆ, ಕಣ್ಣು ಸೆಳೆಯುವ ಬಣ್ಣ. ರಸಪುರಿಯ ಮೆತ್ತನೆಯ ಮೈ ಅಲ್ಲಿ ದೋಷವೆನಿಸುತ್ತದೆ. ಲಾಲ್‌ಬಾಗಿನ ಮಾವು ಮೇಳದಲ್ಲಿ ರೈತರ ಮಳಿಗೆಯೆದುರು ನಿಂತು "ನಿಮ್ಮಲ್ಲಿ ಮಲಗೋವಾ ಇಲ್ವಾ?" ಎಂದು ಗಿರಾಕಿಯೊಬ್ಬರು ಕೇಳುವುದು ಸಣ್ಣ ಸಂಗತಿಯೆಂದು ಕಾಣಬಹುದು. ಆದರೆ ಕೇಳುವವರಿದ್ದಾರೆ ಎಂಬ ಭರವಸೆಯಿಂದಲೇ ರೈತ ಮುಂದಿನ ಮಳೆಗಾಲಕ್ಕೆ ಯಾವ ಸಸಿ ನೆಡಬೇಕೆಂದು ಯೋಚಿಸುತ್ತಾನೆ.

ಆದ್ದರಿಂದ ಈ ವಾದ ಯಾರೊಬ್ಬರ ಗೆಲುವಿನಲ್ಲೂ ಮುಗಿಯಬಾರದೆಂದು ನನ್ನ ಆಸೆ. ಎಲ್ಲರೂ ಒಂದೇ ಹಣ್ಣಿಗೆ ತಲೆಯಾಡಿಸಿದ ದಿನ ಉಳಿದ ಮರಗಳಿಗೆ ಕೇಳುವವರಿರುವುದಿಲ್ಲ. ಎದುರಿನವರು ನಿಮಗೊಪ್ಪದ ಹಣ್ಣನ್ನು ಹೊಗಳಿದರೆ "ಯಾಕೆ?" ಎಂದು ಕೇಳಿ. ಅವರು ತಮ್ಮ ಊರು, ಮರ, ತಿನ್ನುವ ಬಗೆ ಎಲ್ಲವನ್ನೂ ಹೇಳುತ್ತಾರೆ. ಆಮೇಲೆ ನಿಮ್ಮ ಮಾತನ್ನೂ ಬಿಡದೆ ಹೇಳಿ. ನಾನಂತೂ ರಸಪುರಿಯ ಪಕ್ಷ.